ಮಾದರಿ ತಯಾರಿಕೆಯ ಹವ್ಯಾಸಕ್ಕೆ ಎಂಥ ಪುಟ್ಟ ಟೇಬಲ್ ಗರಗಸ ಕೊಳ್ಳಬೇಕು?

ನೀವು 1:64ರ ಪ್ರಮಾಣದಲ್ಲಿ ಮರದ ಹಡಗುಗಳನ್ನು ಕಟ್ಟುತ್ತಿದ್ದೀರಿ, ಹಲಗೆಯ ಪಟ್ಟಿಗಳನ್ನು ಸಿದ್ಧವಾಗಿ ಕೊಳ್ಳುವ ಬದಲು ಸ್ವತಃ ಸೀಳಿಕೊಳ್ಳಬೇಕೆಂದಿದ್ದೀರಿ, ನಡುನಡುವೆ ಅಕ್ರಿಲಿಕ್ ಹಾಳೆಯನ್ನೂ ಕೊಯ್ಯಬೇಕಾಗುತ್ತದೆ. 58 ಮಿ.ಮೀ. ಬ್ಲೇಡಿನ ಯಂತ್ರ ಸಾಕೇ, 80 ಅಥವಾ 100 ಮಿ.ಮೀ.ಗೆ ಹೋಗಬೇಕೇ, 775 ಎಂಬ ಗಾತ್ರದ ಮೋಟರಿನ ಅಗ್ಗದ ಯಂತ್ರಗಳು ಬಾಳಿಕೆ ಬರುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ. ನಾನೂ ಇದೇ ಬಗೆಯ ಕೆಲಸ ಮಾಡುವವನಾದ್ದರಿಂದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: 80ರಿಂದ 100 ಮಿ.ಮೀ. ಬ್ಲೇಡು ಕೂರುವ, ವೇಗವನ್ನು ಹೆಚ್ಚುಕಡಿಮೆ ಮಾಡಲು ಬರುವ, ಅಲುಗಾಡದ ಫೆನ್ಸ್ (ಮರವನ್ನು ಒರಗಿಸಿ ನೇರವಾಗಿ ತಳ್ಳಲು ಬ್ಲೇಡಿನ ಪಕ್ಕದಲ್ಲಿರುವ ಆಸರೆ) ಇರುವ ಯಂತ್ರವನ್ನು ಕೊಳ್ಳಿ. ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ವ್ಯಾಟ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ನೋಡಿದರೂ ನಡೆಯುತ್ತದೆ.

ಫೆನ್ಸಿಗೆ ಇಷ್ಟು ಮಹತ್ವ ಏಕೆಂದರೆ, ನಿಮ್ಮ ಕೆಲಸದಲ್ಲಿ ತಪ್ಪುಗಳು ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ನಿಜವಾದ ಹಡಗಿನಲ್ಲಿ 10 ಇಂಚು ಅಗಲವಿದ್ದ ಹಲಗೆ 1:64ರಲ್ಲಿ ಸುಮಾರು 3.97 ಮಿ.ಮೀ. ಆಗುತ್ತದೆ. ಪ್ರತಿ ಪಟ್ಟಿಯ ಅಗಲವೂ ಬರೀ 0.1 ಮಿ.ಮೀ. ಹೆಚ್ಚಾದರೆ ಒಂದು ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ 20 ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವಷ್ಟರಲ್ಲಿ 2 ಮಿ.ಮೀ., ಅಂದರೆ ಅರ್ಧ ಹಲಗೆಯಷ್ಟು ವ್ಯತ್ಯಾಸ ಬಂದಿರುತ್ತದೆ. ದೊಡ್ಡ ಬಡಗಿ ಕೆಲಸದಲ್ಲಿ ಇಂಥ ವ್ಯತ್ಯಾಸವನ್ನು ಹತ್ತರಿಯಿಂದ ಒಂದೆರಡು ಸಲ ಹೆರೆದು ಸರಿಪಡಿಸಬಹುದು, 4 ಮಿ.ಮೀ. ಪಟ್ಟಿಯಲ್ಲಿ ಹೆರೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಗರಗಸದಿಂದ ಹೊರಬಂದ ಪಟ್ಟಿ ನೇರವಾಗಿ ಅಂಟಿಗೆ ಹೋಗುವಂತಿರಬೇಕು.

ಯಂತ್ರವನ್ನು ಕೈಯಲ್ಲಿ ಮುಟ್ಟಿ ನೋಡುವ ಅವಕಾಶ ಸಿಕ್ಕರೆ, ಮೋಟರನ್ನು ಚಾಲೂ ಮಾಡುವ ಮೊದಲು ಫೆನ್ಸನ್ನು ಒಂದು ಅಳತೆಗೆ ತಂದು ಬಿಗಿಯಿರಿ. ನಂತರ ಅದರ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಮುಂದೆ ಮಾತ್ರ ಬಿಗಿಯಾಗುವ ತೆಳು ಅಲ್ಯೂಮಿನಿಯಂ ಫೆನ್ಸ್ ಆಗಿದ್ದರೆ ಹಿಂದಿನ ತುದಿ ಸರಿಯುವುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಬ್ಲೇಡಿನ ಒಂದೇ ಒಂದು ಹಲ್ಲಿಗೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿ, ಆ ಹಲ್ಲು ಮುಂದಿರುವಾಗ ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ಮರವನ್ನು ಕೋನಕ್ಕೆ ಹಿಡಿದು ನಡೆಸುವ ಸಾಧನ) ಜಾರುವ, ಮೇಜಿನ ಮೇಲಿನ ಕಾಲುವೆಯಿಂದ ಅದಕ್ಕಿರುವ ದೂರವನ್ನು ಅಳೆದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವೆ 0.05 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದು, ಅದನ್ನು ಸರಿಪಡಿಸಲು ಸ್ಕ್ರೂಗಳೂ ಇಲ್ಲವೆಂದರೆ ಆ ಯಂತ್ರವನ್ನು ಬಿಟ್ಟುಬಿಡುವುದೇ ಲೇಸು. ಫೆನ್ಸ್ ಹಿಂದಕ್ಕೆ ಹೋದಂತೆ ಬ್ಲೇಡಿನ ಕಡೆಗೆ ಬಾಗಿದ್ದರೆ ಮರದ ತುಂಡು ಎರಡರ ನಡುವೆ ಸಿಕ್ಕಿ ಅಂಚು ಕಪ್ಪಗೆ ಸುಡುತ್ತದೆ, ಕೆಲವೊಮ್ಮೆ ನಿಮ್ಮ ಕಡೆಗೇ ಚಿಮ್ಮುತ್ತದೆ.

ಬ್ಲೇಡು ಕೂರುವ ಶಾಫ್ಟಿನ ಓಲಾಟವನ್ನು ಡಯಲ್ ಗೇಜಿನಿಂದ ಅಳೆಯಬಹುದು. ಗೇಜ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಹಲ್ಲುಗಳನ್ನು ಅಕ್ಕಪಕ್ಕಕ್ಕೆ ಬಗ್ಗಿಸದ 0.5 ಮಿ.ಮೀ. ದಪ್ಪದ ಬ್ಲೇಡಿನಿಂದ ಗಟ್ಟಿ ಮರದಲ್ಲಿ ಒಂದು ಗೀರು ಹಾಕಿ, ಆ ಗೀರಿಗೆ ಫೀಲರ್ ಗೇಜಿನ ಎಲೆಗಳನ್ನು, ಅಂದರೆ ಗೊತ್ತಾದ ದಪ್ಪದ ತೆಳು ತಗಡುಗಳನ್ನು, ತೂರಿಸಿ ನೋಡಿ. 0.55ರ ಎಲೆ ಬಿಗಿಯಾಗಿ ಹೋದರೆ ಸಂತೋಷ; 0.7 ಸಲೀಸಾಗಿ ಹೋದರೆ ಬ್ಲೇಡು ಓಲಾಡುತ್ತಿದೆ ಎಂದರ್ಥ.

ಇನ್ನು ಬ್ಲೇಡಿನ ಗಾತ್ರ. ಬ್ಲೇಡಿನ ಅರ್ಧದಷ್ಟೂ ಮೇಜಿನ ಮೇಲೆ ಬರುವುದಿಲ್ಲ, ಏಕೆಂದರೆ ಬ್ಲೇಡನ್ನು ಬಿಗಿಹಿಡಿಯುವ ನಡುವಿನ ಬಿಲ್ಲೆ (ಫ್ಲ್ಯಾಂಜ್) ಮತ್ತು ಮೇಜಿನ ದಪ್ಪ ತಮ್ಮ ಪಾಲನ್ನು ತಿಂದುಬಿಡುತ್ತವೆ. ಪ್ರಾಕ್ಸನ್ ಕಂಪನಿಯ ಕೆಎಸ್ 230ರಂಥ 58 ಮಿ.ಮೀ. ಬ್ಲೇಡಿನ ಯಂತ್ರಗಳು ಮರದಲ್ಲಿ ಸುಮಾರು 8 ಮಿ.ಮೀ. ಆಳದವರೆಗೆ ಮಾತ್ರ ಕೊಯ್ಯುತ್ತವೆ. ಅದೇ ಕಂಪನಿಯ ಎಫ್‌ಇಟಿ, 80 ಮಿ.ಮೀ. ಬ್ಲೇಡಿನೊಂದಿಗೆ, ಸುಮಾರು 22 ಮಿ.ಮೀ.ವರೆಗೆ ಕೊಯ್ಯುತ್ತದೆ, ಬ್ಲೇಡು 45 ಡಿಗ್ರಿಯವರೆಗೆ ವಾಲುತ್ತದೆ. ಸಿದ್ಧ ಹಾಳೆಗಳನ್ನಷ್ಟೇ ಪಟ್ಟಿ ಮಾಡುವವರಿಗೆ ಚಿಕ್ಕದು ಧಾರಾಳವಾಗಿ ಸಾಕು. ಆದರೆ ಹಡಗು ಕಟ್ಟುವವರು ಹೆಚ್ಚು ದಿನ ಹಾಳೆಗಳಲ್ಲೇ ನಿಲ್ಲುವುದಿಲ್ಲ, ಒಂದಲ್ಲ ಒಂದು ದಿನ ಮರದ ತುಂಡಿನಿಂದಲೇ ಹಾಳೆ ಸೀಳಿಕೊಳ್ಳುವ ಆಸೆ ಹುಟ್ಟುತ್ತದೆ. ಆ ಆಸೆಗೆ 8 ಮಿ.ಮೀ. ಆಳ ಏನೇನೂ ಸಾಲದು. ಹಡಗು ಮಾದರಿಗಾರರ ನಡುವೆ ಹೆಸರಾದ ಬರ್ನ್ಸ್ ಗರಗಸಕ್ಕೆ 4 ಇಂಚಿನ ಬ್ಲೇಡು ಇರುವುದೂ, ಅದರ ಫೆನ್ಸನ್ನು ಮೈಕ್ರೊಮೀಟರ್ ಎಂಬ ಸೂಕ್ಷ್ಮ ಅಳತೆಯ ಸಾಧನದಿಂದ ಸರಿಸುವ ಸೌಲಭ್ಯ ಇರುವುದೂ ಇದೇ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು. ಒಳ್ಳೆಯ ಸ್ಥಿತಿಯ ಹಳೆಯ ಯಂತ್ರ ಎಲ್ಲಾದರೂ ಸಿಕ್ಕರೆ ಹೊಸ ಅಗ್ಗದ ಯಂತ್ರಕ್ಕಿಂತ ಅದನ್ನೇ ನಾನು ಆರಿಸುತ್ತೇನೆ.

ಮನೆಯಲ್ಲಿ 10 ಇಂಚಿನ ದೊಡ್ಡ ಟೇಬಲ್ ಗರಗಸವಿದ್ದರೆ ಅದರಲ್ಲೇ ಮಾಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಂಥ ಬ್ಲೇಡಿನ ಒಂದೊಂದು ಕೊಯ್ತವೂ ಸುಮಾರು 3.2 ಮಿ.ಮೀ. ಮರವನ್ನು ಪುಡಿ ಮಾಡುತ್ತದೆ. 50 ಮಿ.ಮೀ. ಅಗಲದ ಹಾಳೆಯಿಂದ 1 ಮಿ.ಮೀ. ಪಟ್ಟಿಗಳನ್ನು ತೆಗೆಯ ಹೊರಟರೆ 12 ಸಿಗುತ್ತವೆ, ಉಳಿದದ್ದೆಲ್ಲ ಹೊಟ್ಟು. 0.5 ಮಿ.ಮೀ. ಬ್ಲೇಡಿನಲ್ಲಿ ಅದೇ ಹಾಳೆ 33 ಪಟ್ಟಿ ಕೊಡುತ್ತದೆ. ಬಾಕ್ಸ್‌ವುಡ್ಡಿನಂಥ ಬೆಲೆ ಬಾಳುವ ಮರದಲ್ಲಿ ಈ ಲೆಕ್ಕವೊಂದೇ ಪುಟ್ಟ ಗರಗಸದ ಪರವಾಗಿ ಸಾಕಷ್ಟು ಮಾತಾಡುತ್ತದೆ.

ಆದರೆ ತೆಳುವಾದ, ನೂರಾರು ಹಲ್ಲುಗಳ ಬ್ಲೇಡು ಎಲ್ಲ ಕೆಲಸಕ್ಕೂ ಆಗುವುದಿಲ್ಲ. 80 ಮಿ.ಮೀ. ಬ್ಲೇಡಿನಲ್ಲಿ 100 ಹಲ್ಲುಗಳಿದ್ದರೆ ಹಲ್ಲಿನಿಂದ ಹಲ್ಲಿಗೆ ಸುಮಾರು 2.5 ಮಿ.ಮೀ. ಅಂತರ, 36 ಹಲ್ಲುಗಳಿದ್ದರೆ 7 ಮಿ.ಮೀ. ಮರದ ದಪ್ಪದಲ್ಲಿ ಯಾವಾಗಲೂ ಎರಡು ಮೂರು ಹಲ್ಲುಗಳಾದರೂ ಕಚ್ಚಿಕೊಂಡಿರಬೇಕು, ಇಲ್ಲವಾದರೆ ತೆಳು ಹಾಳೆಯ ಅಂಚು ಹರಿದುಹೋಗುತ್ತದೆ. ಬ್ಲೇಡನ್ನು ಮರಕ್ಕಿಂತ ಸ್ವಲ್ಪವೇ ಮೇಲೆ ಇಟ್ಟರೆ ಹಲ್ಲುಗಳು ಮರವನ್ನು ಓರೆಯಾಗಿ ದಾಟುವುದರಿಂದ ಹೆಚ್ಚು ಹಲ್ಲುಗಳು ಸಿಗುತ್ತವೆ, ಆದ್ದರಿಂದ ಬ್ಲೇಡಿನ ಎತ್ತರ ಬದಲಿಸಲು ಬರುವ ಯಂತ್ರವೇ ಬೇಕು. ಇದಕ್ಕೆ ತದ್ವಿರುದ್ಧವಾಗಿ, 15 ಮಿ.ಮೀ. ದಪ್ಪದ ಗಟ್ಟಿ ಮರವನ್ನು 100 ಹಲ್ಲಿನ ಬ್ಲೇಡಿನಿಂದ ಉದ್ದಕ್ಕೆ ಸೀಳಲು ಹೋದರೆ ಹಲ್ಲುಗಳ ನಡುವಿನ ಸಂದಿ ಹೊಟ್ಟಿನಿಂದ ತುಂಬಿ, ಬ್ಲೇಡು ಕಾದು, ಗೆರೆ ಬಿಟ್ಟು ಅಲೆಯತೊಡಗುತ್ತದೆ. ದಪ್ಪ ಮರಕ್ಕೆ ಕಡಿಮೆ ಹಲ್ಲಿನದು, ಪಟ್ಟಿಗಳಿಗೆ ಸಣ್ಣ ಹಲ್ಲಿನದು ಎಂದು ಎರಡು ಬ್ಲೇಡುಗಳನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ.

ಅಕ್ರಿಲಿಕ್ಕಿಗಾಗಿ ವೇಗ ನಿಯಂತ್ರಣ ಬೇಕು. ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೆತ್ತಗಾಗುತ್ತದೆ, ಪುಡಿ ಕರಗಿ ಬ್ಲೇಡಿನ ಹಿಂದೆಯೇ ಗೀರನ್ನು ಮತ್ತೆ ಮುಚ್ಚಿಬಿಡುತ್ತದೆ. 80 ಮಿ.ಮೀ. ಬ್ಲೇಡು ನಿಮಿಷಕ್ಕೆ 7000 ಸುತ್ತು ತಿರುಗುವಾಗ ಅದರ ಹಲ್ಲು ಸೆಕೆಂಡಿಗೆ ಸುಮಾರು 29 ಮೀಟರ್ ಓಡುತ್ತದೆ, 3000ಕ್ಕೆ ಇಳಿಸಿದರೆ ಸುಮಾರು 12.5 ಮೀಟರ್. ಮರಕ್ಕೆ ಮೊದಲನೆಯದು, ಪ್ಲಾಸ್ಟಿಕ್ಕಿಗೆ ಎರಡನೆಯದು ಒಪ್ಪುತ್ತದೆ.

775 ಎಂಬುದು ಸುಮಾರು 42 ಮಿ.ಮೀ. ವ್ಯಾಸದ ಡಿ.ಸಿ. ಮೋಟರಿನ ಗಾತ್ರದ ಹೆಸರು. ಅದರಿಂದ ಬಾಲ್ಸಾ ಎಂಬ ಮೆತ್ತನೆಯ ಹಗುರ ಮರ ಅಥವಾ 2 ಮಿ.ಮೀ. ಪ್ಲೈವುಡ್ ಕೊಯ್ಯಲು ಅಡ್ಡಿಯಿಲ್ಲ. ನನ್ನ ತಕರಾರು ಮೋಟರಿನ ಮೇಲಲ್ಲ, ಅದನ್ನು ಜೋಡಿಸಿರುವ ರೀತಿಯ ಮೇಲೆ: ಇಂಥ ಅನೇಕ ಯಂತ್ರಗಳಲ್ಲಿ ಬ್ಲೇಡು ಮೋಟರಿನ ಶಾಫ್ಟಿಗೇ ಕೂರುತ್ತದೆ, ಪಕ್ಕದ ಒತ್ತಡವೆಲ್ಲ ಮೋಟರಿನ ಪುಟ್ಟ ಬೇರಿಂಗಿನ ಮೇಲೆ ಬೀಳುತ್ತದೆ, ಗಟ್ಟಿ ಮರ ಸಿಕ್ಕೊಡನೆ ವೇಗ ಕುಸಿಯುತ್ತದೆ. ಬ್ಲೇಡಿಗೆ ಪ್ರತ್ಯೇಕ ಶಾಫ್ಟ್, ಅದಕ್ಕೆ ಎರಡು ಬೇರಿಂಗ್, ನಡುವೆ ಬೆಲ್ಟ್ ಇರುವ ಯಂತ್ರ ಇದಕ್ಕಿಂತ ಎಷ್ಟೋ ಮೇಲು. ಹಾಗೆ ನೋಡಿದರೆ, ಬಾಲ್ಸಾ ಹಾಳೆಯನ್ನಷ್ಟೇ ಕೊಯ್ಯುವವರಿಗೆ ಉಕ್ಕಿನ ಸ್ಕೇಲು ಮತ್ತು ಹರಿತವಾದ ಚಾಕು ಸಾಕು, ಯಾವ ಯಂತ್ರವೂ ಬೇಡ.

ಮೇಜಿನ ಸೀಳು ಬ್ಲೇಡಿಗಿಂತ ಬಹಳ ಅಗಲವಿದ್ದರೆ 1 ಮಿ.ಮೀ. ಪಟ್ಟಿ ಸೀದಾ ಒಳಗೆ ಬಿದ್ದು ಚೂರಾಗುತ್ತದೆ. ಇದಕ್ಕಾಗಿ ಯಂತ್ರವನ್ನು ತಿರಸ್ಕರಿಸಬೇಕಿಲ್ಲ. ಒಂದು ತೆಳು ಪ್ಲೈವುಡ್ ಹಾಳೆಯನ್ನು ಬ್ಲೇಡಿನೊಳಕ್ಕೆ ಅರ್ಧದವರೆಗೆ ತಳ್ಳಿ, ಯಂತ್ರವನ್ನು ನಿಲ್ಲಿಸಿ, ಹಾಳೆಯನ್ನು ಹಾಗೆಯೇ ಎರಡು ಕಡೆ ಅಂಟುವ ಟೇಪಿನಿಂದ ಮೇಜಿಗೆ ಹಿಡಿಸಿದರೆ ಬ್ಲೇಡಿನಷ್ಟೇ ಅಗಲದ ಸೀಳು ಸಿದ್ಧವಾಗುತ್ತದೆ.

ಗಾತ್ರ ನೋಡಿ ಸಲಿಗೆ ಬೆಳೆಸಬೇಡಿ, ಮೂಳೆಗೂ ಮರಕ್ಕೂ ಈ ಬ್ಲೇಡಿಗೆ ಭೇದ ತಿಳಿಯದು. ಬ್ಲೇಡಿನ ಹಿಂದೆ ಗೀರನ್ನು ತೆರೆದಿಡುವ ತಗಡು, ಅಂದರೆ ರಿವಿಂಗ್ ನೈಫ್, ಇರುವ ಯಂತ್ರಕ್ಕೆ ಆದ್ಯತೆ ಕೊಡಿ. ಅದು ಗೀರಿಗಿಂತ ತೆಳುವಾಗಿರಬೇಕು, ಆದ್ದರಿಂದ 0.5 ಮಿ.ಮೀ. ಬ್ಲೇಡು ಹಾಕಿದಾಗ ದಪ್ಪ ನೈಫನ್ನು ಬದಲಿಸಬೇಕಾಗುತ್ತದೆ. ಕೈಗವಸು ಬೇಡ, ಕನ್ನಡಕ ಬೇಕು, ಪಟ್ಟಿಯನ್ನು ಮುಂದೂಡಲು ಬೆರಳಲ್ಲ, ಮರದ ಕೋಲು. ದೂಳು ಹೀರುವ ಕೊಳವೆಗೆ ಯಂತ್ರದಲ್ಲಿ ಬಾಯಿ ಇರಲೇಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ದೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಮತ್ತು ಸಣ್ಣ ಹಲ್ಲಿನ ಬ್ಲೇಡು ಮಾಡುವ ಪುಡಿ ಹಿಟ್ಟಿನಷ್ಟು ನುಣುಪು.

ಹಣ ಕೊಡುವ ಮೊದಲು ಬ್ಲೇಡಿನ ನಡುವಿನ ರಂಧ್ರದ ಅಳತೆಯನ್ನು ಕೇಳಿ ತಿಳಿದುಕೊಳ್ಳಿ. ಸಣ್ಣ ಗರಗಸಗಳಲ್ಲಿ 10 ಮಿ.ಮೀ. ರಂಧ್ರ ಸಾಮಾನ್ಯವಾದ್ದರಿಂದ ಬೇರೆ ಬೇರೆ ತಯಾರಕರ ಬ್ಲೇಡುಗಳು ಅದಕ್ಕೆ ಸಿಗುತ್ತವೆ. ಯಂತ್ರದವರೇ ಮಾರುವ ವಿಚಿತ್ರ ಅಳತೆಯ ಬ್ಲೇಡನ್ನಷ್ಟೇ ನಂಬಬೇಕಾದರೆ, ಅವರು ಆ ಮಾದರಿಯನ್ನು ನಿಲ್ಲಿಸಿದ ದಿನ ನಿಮ್ಮ ಗರಗಸವೂ ಮೂಲೆ ಸೇರುತ್ತದೆ.