59 ಸಹಿ ಬಾಕಿ: ಕೊಂಡು ಮುಗಿಸಲೇ, ಕೈಬಿಡಲೇ?

ಸಂಗ್ರಹ ಹವ್ಯಾಸ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಾನು ಗೋಣಿಕೊಪ್ಪಲು ಹತ್ತಿರದ ಕಾಫಿ ಬೆಳೆಗಾರ, ವಯಸ್ಸು 36. ಮೂರು ವರ್ಷದ ಹಿಂದೆ ಟೊರಾಂಟೊದಿಂದ ರಜೆಗೆ ಬಂದಿದ್ದ ನನ್ನ ಚಿಕ್ಕಪ್ಪನ ಮಗ ಒಂದು ಆಲ್ಬಮ್ ಕೊಟ್ಟುಹೋದ. ಅದರ ತುಂಬ ಅಲ್ಲಿನ ಐಸ್ ಹಾಕಿ ಆಟಗಾರರ ಕಾರ್ಡುಗಳು, ಪ್ರತಿಯೊಂದರ ಮೇಲೂ ಆಟಗಾರನ ಸಹಿ. ಪೂರ್ತಿ ಸೆಟ್ ಎಂದರೆ 100 ಕಾರ್ಡು. ಅವನು ಕೊಟ್ಟದ್ದು, ಆಮೇಲೆ ನಾನು ತರಿಸಿಕೊಂಡದ್ದು ಎಲ್ಲ ಸೇರಿ ಈಗ 41 ಆಗಿವೆ. ಅಲ್ಲಿನ ವ್ಯಾಪಾರಿಯೊಬ್ಬ ಉಳಿದ 59ರಲ್ಲಿ 38ನ್ನು ಒಟ್ಟಿಗೆ ಕೊಡುತ್ತೇನೆ, ನಮ್ಮ ಲೆಕ್ಕದಲ್ಲಿ 1.8 ಲಕ್ಷ ರೂಪಾಯಿ ಎನ್ನುತ್ತಿದ್ದಾನೆ. ಮೆಣಸು ಮಾರಿದ ದುಡ್ಡು ಕೈಯಲ್ಲಿದೆ. ಆ ದುಡ್ಡಿನಲ್ಲಿ ತೋಟಕ್ಕೆ ಆನೆ ಬಾರದಂತೆ ಸೋಲಾರ್ ಬೇಲಿ ಹಾಕಿಸೋಣ ಎಂದು ಹೆಂಡತಿ ಹೇಳುತ್ತಾಳೆ. ಸೆಟ್ ಪೂರ್ತಿ ಮಾಡಲೇ? ಮಾಡಿದರೆ ಮುಂದೆ ಬೆಲೆ ಬರುತ್ತದೆಯೇ?
— ಹೆಸರು ಬೇಡ

ಉತ್ತರ: ಬೇಲಿ ಮೊದಲು ಹಾಕಿಸಿ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ವ್ಯಾಪಾರಿ ನಿಮಗೆ ಸೆಟ್ ಪೂರ್ತಿ ಮಾಡಿಕೊಡುತ್ತಿಲ್ಲ. 41ಕ್ಕೆ 38 ಸೇರಿಸಿದರೆ 79. ಉಳಿದ 21 ಅವನ ಬಳಿ ಏಕಿಲ್ಲ ಎಂದು ಅವನನ್ನು ಕೇಳಿದ್ದೀರಾ? ಇಂದೇ ಬರೆದು ಆ 21 ಹೆಸರುಗಳ ಪಟ್ಟಿ ತರಿಸಿಕೊಳ್ಳಿ. ತಾರಾ ಆಟಗಾರರೆಲ್ಲ ಅದರಲ್ಲೇ ಇರುವ ಸಂಭವ ಹೆಚ್ಚು. ನಿಮಗೆ ಬರುತ್ತಿರುವುದು ಅಂಗಡಿಯಲ್ಲಿ ಕುಳಿತು ಕುಳಿತು ಹಳತಾದ ಸರಕು, ಅದೂ ಒಂದೊಂದಕ್ಕೆ ಸರಾಸರಿ 4,700 ರೂಪಾಯಿಯ ಮೇಲೆ.

ಸೆಟ್ ಕೂಡಿಸುವವರೆಲ್ಲ ಎಡವುವ ಲೆಕ್ಕವೊಂದಿದೆ. 100 ಬಗೆಯ ಕಾರ್ಡುಗಳು ಸಮಸಮ ಸಂಖ್ಯೆಯಲ್ಲಿ ಅಚ್ಚಾಗಿವೆ, ಮುಚ್ಚಿದ ಪೊಟ್ಟಣದಲ್ಲಿ ಒಂದೊಂದೇ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ 50 ಬಗೆ ಕೈಸೇರಲು ಸರಾಸರಿ 69 ಪೊಟ್ಟಣ ಸಾಕು. ನೂರೂ ಸೇರಬೇಕಾದರೆ ಸುಮಾರು 519 ಬೇಕು. ಅಂದರೆ ಉಳಿದ ಅರ್ಧಕ್ಕೆ 450. ಕಟ್ಟಕಡೆಯ ಒಂದು ಕಾರ್ಡಿಗೇ ಸರಾಸರಿ 100 ಪೊಟ್ಟಣ ಒಡೆಯಬೇಕು. ಇದು ಎಲ್ಲವೂ ಸಮವಾಗಿದ್ದಾಗಿನ ಮಾತು. ಸಹಿ ಕಾರ್ಡುಗಳಲ್ಲಿ ಯಾವುದೂ ಸಮವಾಗಿರುವುದಿಲ್ಲ. ಕೆಲವು ಹೆಸರುಗಳನ್ನು ಬೇಕೆಂದೇ ಕಡಿಮೆ ಅಚ್ಚು ಹಾಕುತ್ತಾರೆ. ಹೊಸ ಆಟಗಾರರ ಸಹಿಯ ‘ಫ್ಯೂಚರ್ ವಾಚ್’ ಕಾರ್ಡುಗಳ ಮೇಲೆ 999ರ ವರೆಗೆ ಕ್ರಮಸಂಖ್ಯೆ ಹಾಕಿರುತ್ತಾರೆ. ಅದಕ್ಕಿಂತ ಎಷ್ಟೋ ಕಡಿಮೆ, 25, 10, ಕೊನೆಗೆ ಒಂದೇ ಒಂದು ಎಂದು ಅಚ್ಚಾದವೂ ಬೇರೆ ಬೇರೆ ಸರಣಿಗಳಲ್ಲಿ ಇವೆ. ನಿಮ್ಮ ನೂರರ ಪಟ್ಟಿಯಲ್ಲಿ ಅಂಥದ್ದು ಎರಡು ಇದ್ದರೂ ಸಾಕು, 98ರ ಬಳಿ ನಿಂತು ಬಿಡುತ್ತೀರಿ.

ಇನ್ನೊಂದು ತೊಡಕು. ಆಟಗಾರ ಸಕಾಲಕ್ಕೆ ಸಹಿ ಹಾಕಿ ಕಳುಹಿಸದಿದ್ದರೆ ಕಂಪನಿ ಪೊಟ್ಟಣದೊಳಗೆ ಕಾರ್ಡಿನ ಬದಲು ಸಂಕೇತ ಸಂಖ್ಯೆಯ ಚೀಟಿಯನ್ನು ಇಡುತ್ತದೆ. ಚೀಟಿಗೆ ಗಡುವಿನ ದಿನಾಂಕ ಇರುತ್ತದೆ. ಗಡುವು ಮುಗಿದ ಚೀಟಿಯನ್ನು ‘ಸಹಿ ಕಾರ್ಡಿಗೆ ಸಮ’ ಎಂದು ದೂರದ ದೇಶದವರಿಗೆ ಮಾರುವವರಿದ್ದಾರೆ. 38ರ ಗಂಟಿನಲ್ಲಿ ಒಂದು ಚೀಟಿ ಇದ್ದರೂ ಅದಕ್ಕೆ ದುಡ್ಡು ಕೊಡಬೇಡಿ.

ಈಗ ಕೈಯಲ್ಲಿರುವ 41ನ್ನು ಊಟದ ಮೇಜಿನ ಮೇಲೆ ಹರಡಿಕೊಳ್ಳಿ. ಮೊದಲು ಹಿಂಬದಿ ಓದಿ. ಕಂಪನಿಯೇ ಹಾಕಿಸಿದ ಸಹಿಯಾದರೆ, ಇದು ಅಸಲಿ ಸಹಿ ಎಂದು ಖಾತ್ರಿ ಕೊಡುವ ಒಂದೆರಡು ಸಾಲು ಅಲ್ಲಿ ಅಚ್ಚಾಗಿರುತ್ತದೆ. ಆ ಸಾಲು ಇಲ್ಲದಿದ್ದರೆ ಯಾರೋ ಆಮೇಲೆ ಹಾಕಿಸಿಕೊಂಡ ಸಹಿ. ಅದು ಸುಳ್ಳೇ ಆಗಬೇಕೆಂದಿಲ್ಲ, ಆದರೆ ಅದರ ಮೂಲವನ್ನು ನಿಮ್ಮ ತಮ್ಮನೇ ಹೇಳಬೇಕು. ಬಳಿಕ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಅಚ್ಚಾದ ಸಹಿ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಪೆನ್ನಿನ ಸಹಿಯಲ್ಲಿ ಗೆರೆಯೊಂದು ಇನ್ನೊಂದನ್ನು ದಾಟುವ ಕಡೆ ಶಾಯಿ ದಟ್ಟವಾಗಿ ಕೂತಿರುತ್ತದೆ, ಕೊನೆಯ ಎಳೆತ ತೆಳ್ಳಗಾಗಿ ಹರಿದು ಹೋಗಿರುತ್ತದೆ. ಮತ್ತೊಂದು ಸಂಗತಿ: ಕಾರ್ಡನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದಾಗ ಸಹಿಯ ಸುತ್ತ ಪಾರದರ್ಶಕ ಪಟ್ಟಿಯ ಅಂಚು ಮಿಂಚಿದರೆ ಅದು ಸ್ಟಿಕರ್. ಆಟಗಾರ ನಿಮ್ಮ ಕಾರ್ಡನ್ನು ಮುಟ್ಟಿಯೇ ಇಲ್ಲ. ಸ್ಟಿಕರಿನ ಹಾಳೆಗಳಿಗೆ ಸಾಲಾಗಿ ಸಹಿ ಗೀಚಿ ಕಳುಹಿಸಿದ್ದಾನೆ, ಕಾರ್ಖಾನೆಯಲ್ಲಿ ಅಂಟಿಸಿದ್ದಾರೆ. ಮಾರುಕಟ್ಟೆಯಲ್ಲಿ ಇದಕ್ಕೆ ನೇರ ಸಹಿಗಿಂತ ಬೆಲೆ ಕಡಿಮೆ, ನನಗಂತೂ ಮರ್ಯಾದೆಯೂ ಕಡಿಮೆ.

ಮುಂದೆ ಬೆಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ಬರಬಹುದು, ಆದರೆ ನಿಮಗೆ ಬರುವುದು ಕಷ್ಟ. ಐಸ್ ಹಾಕಿ ಕಾರ್ಡಿಗೆ ಗಿರಾಕಿ ಇರುವುದು ಕೆನಡಾ, ಅಮೆರಿಕದಲ್ಲಿ. ಗೋಣಿಕೊಪ್ಪಲಿನಿಂದ ಮಾರಲು ಹೊರಟರೆ ಅಂಚೆ ವೆಚ್ಚ, ದಲ್ಲಾಳಿಯ ಪಾಲು, ನಂಬಿಕೆಯ ಕೊರತೆ ಮೂರೂ ನಿಮ್ಮ ತಲೆಯ ಮೇಲೆ. ತರಿಸುವಾಗ ಕಸ್ಟಮ್ಸ್ ಸುಂಕ ಬೇರೆ. ನಿಮ್ಮ ತಮ್ಮ ‘ಉಡುಗೊರೆ’ ಎಂದು ಬರೆದು ಕಳುಹಿಸಿದರೂ ಅದು ತಪ್ಪುವುದಿಲ್ಲ. ಇನ್ನು ದೊಡ್ಡ ಬೆಲೆ ಬಂದದ್ದೆಲ್ಲ ಸಹಿಗೇ ಬಂದದ್ದಲ್ಲ. ಕೆನಡಾದ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿಯ 1979ರ ಓ-ಪೀ-ಚೀ ಕಂಪನಿಯ ಕಾರ್ಡೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಮೇಲೆ ಸಹಿಯೇ ಇರಲಿಲ್ಲ. ಅಷ್ಟು ವರ್ಷ ಮೂಲೆ ಮುಕ್ಕಾಗದೆ, ಗೀರು ಬೀಳದೆ ಉಳಿದದ್ದಕ್ಕೆ ಆ ಬೆಲೆ.

ಮುಕ್ಕಾಗದೆ ಉಳಿಯುವ ಮಾತು ಬಂತಲ್ಲ, ನಮ್ಮ ಕೊಡಗಿನಲ್ಲಿ ದೊಡ್ಡ ಪ್ರಶ್ನೆ ಅದೇ. ಮಡಿಕೇರಿಗೆ ಬಂದ ಹೊಸದರಲ್ಲಿ ನಾನು ಸಹಿಗಳ ಆಲ್ಬಮನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಭದ್ರವಾಯಿತು ಎಂದುಕೊಂಡಿದ್ದೆ. ಜುಲೈ-ಆಗಸ್ಟಿನ ಕಕ್ಕಡದ ಮಳೆ ಕಳೆದು ಬೀರು ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಬೂಷ್ಟಿನ ವಾಸನೆ. ಕಪ್ಪು ಮಾರ್ಕರಿನ ಸಹಿಗಳ ಸುತ್ತ ನೇರಳೆ ಬಣ್ಣದ ಕಲೆ ಕಟ್ಟಿತ್ತು. ಒಂದು ಹಾಳೆಯ ಪ್ಲಾಸ್ಟಿಕ್ ಬಿಡಿಸಿದರೆ ಸಹಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂತು. ಕಾರ್ಡಿನ ಮೇಲೆ ಉಳಿದದ್ದು ಬೂದು ನೆರಳು. ತಪ್ಪು ನನ್ನದೇ. ಪೇಟೆಯಲ್ಲಿ ಸಿಕ್ಕಿದ ಅಗ್ಗದ ಪಿವಿಸಿ ಹಾಳೆ ಹಾಕಿದ್ದೆ, ಬೀರುವನ್ನು ಹೊರಗೋಡೆಗೆ ಒತ್ತಿ ಇಟ್ಟಿದ್ದೆ.

ತೇವ ನೋಡದೆ ಕಾಫಿ ಚೀಲ ಕಟ್ಟದ ನೀವು ಕಾರ್ಡಿಗೂ ಅದೇ ಗಮನ ಕೊಡಿ. ಕಾರ್ಡಿನ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಆ ಅಳತೆಯ ಪಾಲಿಪ್ರೊಪಿಲೀನ್ ತೆಳುಚೀಲದಲ್ಲಿ ಮೊದಲು ಹಾಕಿ, ಮೇಲೆ ಗಟ್ಟಿ ಕವಚ, ಆಮೇಲೆ ರಬ್ಬರಿನ ಅಂಚಿರುವ ಡಬ್ಬಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ಚಿಕ್ಕದೊಂದು ತೇವಮಾಪಕ ಇಡಿ. ಮುಳ್ಳು ಶೇ 50ರ ಆಸುಪಾಸಿನಲ್ಲಿ ಇರಲಿ. 65 ದಾಟಿದರೆ ಜೆಲ್ ಬದಲಿಸಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಎಂದು ಅಲ್ಲಿ ಇಡಬೇಡಿ. ಹೊಗೆ ಕಾಗದವನ್ನು ತಿನ್ನುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಕೈ ತುರಿಸುತ್ತಿರುತ್ತದೆ, ಗೊತ್ತು. ನನಗೂ ತುರಿಸುತ್ತದೆ. ಹಾಗಾಗಿ ಒಂದು ಪ್ರಶ್ನೆ: ಆ 41 ಆಟಗಾರರಲ್ಲಿ ಎಷ್ಟು ಮಂದಿಯ ಆಟವನ್ನು ನೀವು ನೋಡಿದ್ದೀರಿ? ಐದಾರು ಹೆಸರು ಬಂದರೆ ಆ ಐದಾರನ್ನು ಇಟ್ಟುಕೊಳ್ಳಿ, ಬೇಕಿದ್ದರೆ ಅವರು ಆಡುವ ಒಂದೇ ತಂಡದ ಸಹಿಗಳನ್ನು ಕೂಡಿಸಿ. ಅಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಒಂದಕ್ಕೆ ಇಳಿದರೆ ಪಟ್ಟಿ ಎಟಕುವಷ್ಟಾಗುತ್ತದೆ. ನೂರರ ಪಟ್ಟಿ ಕಂಪನಿ ಮಾಡಿದ್ದು. ಅದನ್ನು ಮುಗಿಸಿಕೊಡುವ ಹರಕೆ ನೀವೇನೂ ಹೊತ್ತಿಲ್ಲ.

ಒಂದೂ ಹೆಸರು ಬರಲಿಲ್ಲವಾದರೆ ಮನೆಯಿಂದ ಆಚೆ ನೋಡಿ. ನೀವಿರುವುದು ಕೊಡಗಿನಲ್ಲಿ, ಭಾರತದ ಹಾಕಿ ತಂಡಕ್ಕೆ ಆಟಗಾರರನ್ನು ಕೊಟ್ಟ ಜಿಲ್ಲೆಯಲ್ಲಿ. ಬಿ.ಪಿ. ಗೋವಿಂದ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಎಂ.ಪಿ. ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್ ಕಂಚಿನ ತಂಡದವರು. ಎಂ.ಎಂ. ಸೋಮಯ್ಯ 1980ರ ಮಾಸ್ಕೊ ಚಿನ್ನದ ತಂಡದಲ್ಲಿ ಆಡಿದರು. ಮುಂದೆ ಭಾರತದ ಗೋಲು ಕಾದವರು ಎ.ಬಿ. ಸುಬ್ಬಯ್ಯ. ಆಮೇಲೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. 2012ರ ಲಂಡನ್ ತಂಡದಲ್ಲಿ ನಮ್ಮ ಜಿಲ್ಲೆಯವರು ಮೂವರು, 2016ರ ರಿಯೊ ತಂಡದಲ್ಲಿ ನಾಲ್ವರು. ಲಂಡನ್‌ನಲ್ಲಿ ಭಾರತ ಕಟ್ಟಕಡೆಯ, 12ನೇ ಸ್ಥಾನಕ್ಕೆ ಇಳಿಯಿತು. ಆ ತಂಡದ ಸಹಿ ಬೇಕೆಂದು ಯಾರೂ ನೂಕುನುಗ್ಗಲು ಮಾಡುವುದಿಲ್ಲ. ಸಂಗ್ರಾಹಕನಿಗೆ ಅದು ಒಳ್ಳೆಯ ಸುದ್ದಿ.

ಇವರಿಗೆಲ್ಲ ಅಚ್ಚಾದ ಕಾರ್ಡು ಎಲ್ಲಿದೆ ಎನ್ನುತ್ತೀರಿ. ಕೆನಡಾದಲ್ಲಿ ಇರುವಂಥ ಕಾರ್ಡಿನ ಉದ್ಯಮ ನಮ್ಮ ಹಾಕಿಗಿಲ್ಲ, ನಿಜ. ಆದರೆ ಅದೇ ಅಳತೆಗೆ ದಪ್ಪ ಬಿಳಿ ರಟ್ಟು ಕತ್ತರಿಸಿ, ಹಿಂಬದಿಯಲ್ಲಿ ಹೆಸರು, ಆಡಿದ ಕೂಟ, ಸಹಿ ಸಿಕ್ಕ ದಿನ ಮತ್ತು ಸ್ಥಳ ಬರೆದರೆ ಅದೇ ಕಾರ್ಡು. ಹೊಳಪಿನ ಫೋಟೊ ಮೇಲೆ ಮಾರ್ಕರಿನ ಶಾಯಿ ಹನಿಹನಿಯಾಗಿ ಒಡೆಯುತ್ತದೆ. ಅದಕ್ಕೇ ಹಳಬರು ಸಹಿಯ ಜಾಗಕ್ಕೆ ಚಿಟಿಕೆ ಬೇಬಿ ಪೌಡರ್ ಸವರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಂದೆ ಹಿಡಿಯುತ್ತಾರೆ. ಪೆನ್ನನ್ನೂ ಕಾರ್ಡಿನ ಕೆಳಗೆ ಹಿಡಿಯಲು ಹಲಗೆಯನ್ನೂ ನೀವೇ ಒಯ್ಯಿರಿ. ಪಂದ್ಯಕ್ಕೆ ಮುಂಚೆ ಕೇಳಬೇಡಿ, ಸೋತ ಕೂಡಲೂ ಬೇಡ. ನಿಮ್ಮ ಹೆಸರು ಬರೆದು ಸಹಿ ಹಾಕಲು ಕೇಳಿಕೊಳ್ಳಿ. ಮಾರುವಾಗ ಅದರಿಂದ ಬೆಲೆ ಇಳಿಯುತ್ತದೆ, ಆದರೆ ಇವನು ಮಾರಲು ಬಂದವನಲ್ಲ ಎಂದು ಎದುರಿನವರಿಗೆ ಸಮಾಧಾನವಾಗಿ ಎರಡು ಮಾತು ಹೆಚ್ಚು ಆಡುತ್ತಾರೆ.

ಎಲ್ಲಿ ಹಿಡಿಯುವುದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360. ಭಾರತಕ್ಕೆ ಆಡಿದವರು ಅಲ್ಲಿ ಮನೆತನದ ಅಂಗಿ ತೊಟ್ಟು, ಶಾಲೆಗೆ ಹೋಗುವ ಹುಡುಗರ ಜೊತೆ ಮೈದಾನಕ್ಕೆ ಇಳಿಯುತ್ತಾರೆ. ಇಲ್ಲಿ ಬೇಕಾಗುವ ಖರ್ಚು ಬಸ್ ಚಾರ್ಜು ಮತ್ತು ಒಂದು ದಿನದ ಬಿಸಿಲು.

ಸೆಟ್ ಎಂಬ ಹಟ ಬಿಡದಿದ್ದರೆ ಒಂದು ಎಚ್ಚರಿಕೆ. ಮಾಸ್ಕೊ ತಂಡದಲ್ಲಿ ಇದ್ದವರು 16 ಮಂದಿ. ಸುಲಭವಾಗಿ ಕಾಣುತ್ತದೆ. ಆದರೆ ಮೊಹಮ್ಮದ್ ಶಾಹಿದ್ 2016ರಲ್ಲಿ ತೀರಿಕೊಂಡರು. ಎಂ.ಕೆ. ಕೌಶಿಕ್ ಮತ್ತು ರವೀಂದರ್ ಪಾಲ್ ಸಿಂಗ್ ಇಬ್ಬರೂ 2021ರ ಮೇ 8ರಂದು, ಒಂದೇ ದಿನ, ಕೋವಿಡ್‌ ನಂತರ ಹೋದರು. ಆ ಸಹಿಗಳನ್ನು ಇನ್ನು ಕೊಳ್ಳಬಹುದೇ ಹೊರತು ಹಾಕಿಸಿಕೊಳ್ಳಲಾಗದು, ಕೊಳ್ಳುವ ಕಡೆ ಖೋಟಾ ಸಹಿಯ ಕಾಟ ಇದ್ದೇ ಇದೆ. ಹಾಗಾಗಿ ಪಟ್ಟಿ ಮಾಡುವಾಗ ವಯಸ್ಸಾದವರಿಂದ ಆರಂಭಿಸಿ. ಸುನಿಲ್, ರಘುನಾಥ್ ಇನ್ನೂ ಕೆಲವು ವರ್ಷ ಕಾದರೆ ನಷ್ಟವಿಲ್ಲ.

ವ್ಯಾಪಾರಿಗೆ ಹೀಗೆ ಬರೆಯಿರಿ: ಗಂಟು ಬೇಡ, ನಾನು ಹೇಳುವ ಮೂರು ಹೆಸರಿನ ಕಾರ್ಡುಗಳ ಎರಡೂ ಬದಿಯ ಫೋಟೊ ಕಳುಹಿಸಿ. ಅವನು ಮರಳಿ ಬರೆಯದಿದ್ದರೆ 1.8 ಲಕ್ಷ ಉಳಿಯಿತು.

ಪ್ರಶ್ನೆ: ಅಪ್ಪನ ಕಾಲದ ಹಾಕಿ ಆಟಗಾರರೊಬ್ಬರ ಸಹಿ ಇರುವ ಕಾರ್ಡಿದೆ. ಮಳೆಗಾಲಕ್ಕೆ ಮುಂಚೆ ಲ್ಯಾಮಿನೇಶನ್ ಮಾಡಿಸಿದರೆ ಹೇಗೆ?
— ಓದುಗರು, ಸೋಮವಾರಪೇಟೆ

ಉತ್ತರ: ಮಾಡಿಸಬೇಡಿ. ಯಂತ್ರದ ಬಿಸಿಗೆ ಶಾಯಿ ಹರಡುತ್ತದೆ, ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಅಂಗಡಿಯವರು ‘ತಣ್ಣನೆಯ ಲ್ಯಾಮಿನೇಶನ್’ ಎಂದರೂ ಒಪ್ಪಬೇಡಿ. ಅದರಲ್ಲಿಯೂ ಅಂಟು ಇರುತ್ತದೆ. ಮೇಲೆ ಹೇಳಿದ ತೆಳುಚೀಲ ಮತ್ತು ಗಟ್ಟಿ ಕವಚ ಸಾಕು. ಈಗಾಗಲೇ ಮಾಡಿಸಿಬಿಟ್ಟಿದ್ದರೆ ಕತ್ತರಿ ಹಾಕಲು ಹೋಗಬೇಡಿ, ಹಾಗೆಯೇ ಬಿಡಿ.