‘ನಿಂಗವ್ವ’ ಲೇಖನ ಮರಳಿಸುತ್ತಾ

ನಿಮ್ಮ ‘ನಿಂಗವ್ವ’ ಲೇಖನ ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಅಕ್ಷರದೋಷ ಕಡಿಮೆ. ಆದರೂ ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಮೊದಲ ಪುಟದ ಏಳನೇ ಸಾಲಿಗೇ ಸಿಟ್ಟು ಬಂತು.

‘ನಿಂಗವ್ವ ಎಂದರೆ ನಿನಗೆ ಅವ್ವ, ಎಲ್ಲರಿಗೂ ತಾಯಿಯಾಗುವವಳು’ ಎಂದಿದ್ದೀರಿ. ಕೇಳಲು ಚಂದ. ಗಡಿಬಿಡಿಯಲ್ಲಿ ನಮ್ಮ ‘ನಿನಗ’ ‘ನಿಂಗ’ ಆಗುತ್ತದಲ್ಲ, ಅದೇ ನಿಮ್ಮನ್ನು ದಾರಿ ತಪ್ಪಿಸಿದೆ. ನಾನು ಕರಡು ತಿದ್ದುವುದನ್ನು ಕಲಿಯುವಾಗ ಹಿರಿಯರು ಅಂಚಿನಲ್ಲಿ ಗೀಚುತ್ತಿದ್ದದ್ದು ಇಷ್ಟೇ: ‘ಹೆಸರಿನ ಅಣ್ಣತಮ್ಮಂದಿರನ್ನ ಕರಿ.’ ಕರೆದು ನೋಡಿ. ನಿಂಗಪ್ಪ, ಶಿವನಿಂಗಪ್ಪ, ನಿಂಗನಗೌಡ. ನಿಂಗನಗೌಡನಲ್ಲಿ ‘ನಿನಗೆ’ ಎಲ್ಲಿ ಕೂರಿಸುತ್ತೀರಿ? ಪಕ್ಕದ ಓಣಿಯಲ್ಲಿ ಅದೇ ಹೆಸರು ಲಿಂಗನಗೌಡ. ನಿಂಗ ಎಂದರೆ ಲಿಂಗ, ಬೇರೇನಲ್ಲ. ಹೆಣ್ಣಿನ ಹೆಸರಾಗಿ ಅದು ಹೊಸದೂ ಅಲ್ಲ. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮ 12ನೇ ಶತಮಾನದ ವಚನಕಾರ್ತಿ.

ಲಕಾರ ಏಕೆ ನಕಾರವಾಯಿತು ಎಂಬುದನ್ನಾದರೂ ಬರೆಯಬೇಕಿತ್ತು. ಎರಡಕ್ಕೂ ನಾಲಗೆ ತಾಗುವ ಜಾಗ ಹೆಚ್ಚುಕಡಿಮೆ ಒಂದೇ. ‘ಲಿಂ’ ಅನ್ನುವಾಗ ಮುಂದಿನ ಸೊನ್ನೆಗೆಂದು ಉಸಿರು ಮೊದಲೇ ಮೂಗಿಗೆ ಹರಿದರೆ ಲಕಾರ ನಕಾರವಾಗುತ್ತದೆ. ಲಕ್ಷ್ಮಿಯಿಂದ ಬಂದ ಲಕ್ಕವ್ವನಿಗೆ ಪಕ್ಕದಲ್ಲಿ ಮೂಗಿನ ದನಿಯಿಲ್ಲ, ಆಕೆ ನಕ್ಕವ್ವ ಆಗಲಿಲ್ಲ. ಹಣ್ಣಿನ ವಿಷಯದಲ್ಲಿ ಮಾತ್ರ ನಾವು ಉಲ್ಟಾ: ಮೈಸೂರಿನವರ ನಿಂಬೆಹಣ್ಣು ಹುಬ್ಬಳ್ಳಿ ಸಂತೆಯಲ್ಲಿ ಲಿಂಬಿಹಣ್ಣು. ಒಂದೇ ಜೋಡಿ ದನಿ, ಎರಡೂ ಕಡೆ ಓಡಾಟ.

ಎರಡನೇ ಪುಟ, ಮೂರನೇ ಸಾಲು: ‘ಅವ್ವ ಎಂಬುದು ಮರಾಠಿಯ ಆಯಿಯಿಂದ ಬಂದದ್ದು.’ ಇದನ್ನು ಗದಗ ಜಿಲ್ಲೆಯಲ್ಲಿ ಕೂತು ಹೇಗೆ ಬರೆದಿರಿ? ಲಕ್ಕುಂಡಿಯ ಬ್ರಹ್ಮ ಜಿನಾಲಯಕ್ಕೆ ಹೋಗಿ ಬನ್ನಿ. ಅಲ್ಲಿನ 1007ರ ಶಾಸನ ಅತ್ತಿಮಬ್ಬೆಯದು. ಹೆಸರಿನ ಕೊನೆಯ ‘ಅಬ್ಬೆ’ಯೇ ತಾಯಿ, ಹವ್ಯಕರು ಇಂದಿಗೂ ಅವ್ವನನ್ನು ಅಬ್ಬೆ ಎನ್ನುತ್ತಾರೆ. ತಮಿಳಿನ ಅವ್ವೈ, ತೆಲುಗಿನ ಅವ್ವ ಇದೇ ಬಳಗ. ಆಯಿ ನಮ್ಮಲ್ಲೂ ಇದ್ದಾಳೆ, ಆದರೆ ಆಕೆ ಅಜ್ಜಿ. ಹಾಗೆಯೇ ಬಸವ್ವ ‘ಬಸ’ ಸೇರಿ ಆದದ್ದಲ್ಲ. ಬಸವ, ಅವ್ವ ಕೂಡಿದಾಗ ಎದುರುಬದುರಾದ ವಕಾರಗಳಲ್ಲಿ ಒಂದನ್ನು ಬಾಯಿ ನುಂಗಿತು. ನಿಂಗವ್ವನಲ್ಲಿ ಆ ತಾಪತ್ರಯವಿಲ್ಲ, ಅದು ಸರಳ ಲೋಪಸಂಧಿ.

ಜಾತ್ರೆಯ ವರ್ಣನೆಯ ಬಗ್ಗೆ ಏನೂ ಹೇಳುವುದಿಲ್ಲ.

ನಾಲ್ಕನೇ ಪುಟದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿದ್ದೀರಲ್ಲ, ಲೇಖನ ಇರುವುದು ಅಲ್ಲಿ: ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ‘ಲಿಂಗವ್ವ ಕೋಂ ಬಸಪ್ಪ’ (ಬಸಪ್ಪನ ಹೆಂಡತಿ ಲಿಂಗವ್ವ), ಆಧಾರ್‌ನಲ್ಲಿ ‘ನಿಂಗಮ್ಮ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ನಿಂಗವ್ವ’. ಒಬ್ಬಾಕೆ ಮೂವರಾದಳು, ಆಕೆಯ ಹೊಲವನ್ನು ತಮ್ಮ ಹೆಸರಿಗೆ ವಾರಸಾ ಮಾಡಿಸುವ ದಿನ ಮಕ್ಕಳು ಮೂರೂ ಹೆಸರು ಒಬ್ಬಾಕೆಯದೇ ಎಂದು ಅಫಿಡವಿಟ್ ಮಾಡಿಸಬೇಕು. ಶುದ್ಧ ಕನ್ನಡ ಬಲ್ಲೆ ಎಂದುಕೊಂಡ ಕಾರಕೂನ ‘ನಿಂ’ ತಿದ್ದಿ ‘ಲಿಂ’ ಮಾಡುತ್ತಾನೆ. ಅವ್ವ ಎಂಬುದು ಹಳ್ಳಿಯ ಮಾತು ಎಂದುಕೊಂಡ ಇನ್ನೊಬ್ಬ ಅಮ್ಮ ಮಾಡುತ್ತಾನೆ. ಆಕೆಯನ್ನು ಮನೆಯಲ್ಲಿ ‘ನಿಂಗೀ’ ಎಂದು ಕರೆಯುವುದು ಯಾವ ಕಾಗದದಲ್ಲೂ ಇಲ್ಲ. ಆ ಮೂರು ಕಾಗದ ಮುಂದಿಟ್ಟುಕೊಂಡು ಎರಡೇ ಪುಟ ಬರೆದು ಕಳಿಸಿ. ಏಳನೇ ಸಾಲು ಮಾತ್ರ ಮತ್ತೆ ಬರಬಾರದು.