ಅಮ್ಮನಿಗೆ ಆ ಧಾರಾವಾಹಿ ತೋರಿಸಬಾರದಿತ್ತಾ?

ದಾವಣಗೆರೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ:

"ರಜೆಗೆ ಬಂದ ಮಗಳ ಜೊತೆ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್' ಎಂಬ ಕೊರಿಯಾದ ಧಾರಾವಾಹಿ ನೋಡುತ್ತಿದ್ದೆ. 79 ವರ್ಷದ ಅಮ್ಮನೂ ಪಕ್ಕದಲ್ಲಿ ಕೂತಿದ್ದರು. ಅವರಿಗೆ ಭಾಷೆ ತಿಳಿಯದು, ಮಗಳು ಕತೆ ಹೇಳುತ್ತಿದ್ದಳು. ಚಿಕ್ಕ ಮಗ ಸಾಯುವ ಕಂತು ಬಂದಾಗ ಅಮ್ಮ ತಡೆಯಲಾರದೆ ಅತ್ತರು. ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ, ನಾನು ಹುಟ್ಟುವ ಮೊದಲೇ ತೀರಿಕೊಂಡ ಅಣ್ಣನ ಹೆಸರು ಹೇಳಿದರು. 52 ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ವಯಸ್ಸಾದವರಿಗೆ ಇಂಥದ್ದೆಲ್ಲ ಯಾಕೆ ತೋರಿಸ್ತೀಯಾ ಅಂತ ತಮ್ಮ ನನ್ನ ಮೇಲೆ ರೇಗಿದ. ನಾನು ತಪ್ಪು ಮಾಡಿದೆನಾ? ಜನರನ್ನು ಅಳಿಸಿ ದುಡ್ಡು ಮಾಡುವವರ ಬಲೆಗೆ ಬಿದ್ದೆವಾ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ತಪ್ಪು ಮಾಡಿಲ್ಲ.

ತಮ್ಮನ ಮೇಲೆ ಬೇಸರ ಬೇಡ. ಅವರಿಗೆ ಅಮ್ಮನ ಆರೋಗ್ಯದ ಚಿಂತೆ. ನಿಮ್ಮ ಕೊನೆಯ ಪ್ರಶ್ನೆಯಲ್ಲೂ ಹುರುಳಿದೆ. ಅಳಿಸುವುದಕ್ಕೆಂದೇ ಕಟ್ಟಿದ ಕತೆಗಳು ಬೇಕಾದಷ್ಟಿವೆ. 2000ದಲ್ಲಿ ಬಂದ 'ಆಟಮ್ ಇನ್ ಮೈ ಹಾರ್ಟ್' ಧಾರಾವಾಹಿಯ ನಾಯಕಿಗೆ ರಕ್ತದ ಕ್ಯಾನ್ಸರ್. 2003ರ 'ಸ್ಟೇರ್‌ವೇ ಟು ಹೆವನ್' ನಾಯಕಿಗೆ ಕಣ್ಣಿನ ಕ್ಯಾನ್ಸರ್. ಕೊರಿಯಾದ ನೋಡುಗರಿಗೇ ಇದು ಸಾಕಾಗಿತ್ತು. ಸುಮ್ಮಸುಮ್ಮನೆ ಎಳೆದು ಹಿಂಸೆ ಕೊಡುವ ಕಂತನ್ನು ಅವರು 'ಗೋಗುಮಾ' ಅನ್ನುತ್ತಾರೆ. ಅಂದರೆ ಗೆಣಸು. ಬೇಯಿಸಿದ ಗೆಣಸನ್ನು ನೀರು ಕುಡಿಯದೆ ತಿಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ. ಕಡೆಗೆ ಸತ್ಯ ಹೊರಬಿದ್ದು ಕೆಟ್ಟವನಿಗೆ ಶಾಸ್ತಿಯಾದರೆ ಅದು 'ಸೈಡರ್', ಅವರ ಊರಿನ ಸೋಡಾ. ಚೀನಾದ ನೋಡುಗರು ಸಂಕಟದ ದೃಶ್ಯವನ್ನು 'ಚಾಕು' ಎಂದೂ ಪ್ರೀತಿಯ ದೃಶ್ಯವನ್ನು 'ಸಕ್ಕರೆ' ಎಂದೂ ಕರೆಯುತ್ತಾರೆ. ಅಳುವವರಿಗೆ ತಮ್ಮನ್ನು ಯಾರು, ಹೇಗೆ ಅಳಿಸುತ್ತಿದ್ದಾರೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಈ ಮಾತುಗಳನ್ನು ಕೇಳಿದರೆ ಸಾಕು, ಅವರು ಮೋಸ ಹೋದವರಲ್ಲ ಅಂತ ತಿಳಿಯುತ್ತದೆ.

ನೀವು ನೋಡಿದ ಧಾರಾವಾಹಿ ಆ ಜಾತಿಯದ್ದಲ್ಲ. 2025ರ ಮಾರ್ಚ್‌ನಲ್ಲಿ ಬಂದಾಗ ನಾನೂ ನೋಡಿದೆ. ಅದರ ಕೊರಿಯನ್ ಹೆಸರು ಜೆಜು ದ್ವೀಪದ ಆಡುಮಾತು. 'ತುಂಬಾ ಕಷ್ಟಪಟ್ಟಿರಿ' ಅಂತ ಅರ್ಥ. ದುಡಿದು ದಣಿದವರಿಗೆ ಅಕ್ಕರೆಯಿಂದ ಹೇಳುವ ಮಾತು. ಅಲ್ಲಿನ ಸಾವುಗಳಿಗೆ ಕಾರಣವಿದೆ. ನಾಯಕಿಯ ತಾಯಿ ಉಸಿರು ಬಿಗಿಹಿಡಿದು ಸಮುದ್ರಕ್ಕೆ ಧುಮುಕಿ ಚಿಪ್ಪು ತೆಗೆಯುವವಳು. 29ಕ್ಕೇ ಸಾಯುತ್ತಾಳೆ. ಮಗು ಹೋಗುವುದು ಬಿರುಗಾಳಿಯ ದಿನ. ಬಡತನ, ಸಮುದ್ರ, ಒಂದು ಗಳಿಗೆ ತಪ್ಪಿದ ಗಮನ. ಇವನ್ನು ಯಾರೂ ಕಣ್ಣೀರಿಗಾಗಿ ತಂದು ಸುರಿದಿಲ್ಲ.

ಇನ್ನೊಂದು ಗಮನಿಸಿದಿರಾ? ಗಂಡ ಹೆಂಡತಿಗೆ ತುತ್ತಿಗೂ ಗತಿಯಿಲ್ಲದಾಗ, ಬಾಡಿಗೆಗೆ ಮನೆ ಕೊಟ್ಟ ಮುದುಕ ಮುದುಕಿ ಗುಟ್ಟಾಗಿ ಅವರ ಪಾತ್ರೆಗೆ ಅಕ್ಕಿ ಹಾಕಿ ಹೋಗುತ್ತಾರೆ. ಸಾವಾದ ಮನೆಯಲ್ಲಿ ಒಲೆ ಹಚ್ಚದಿದ್ದಾಗ ಪಕ್ಕದ ಮನೆಯಿಂದ ಊಟ ಬರುವುದನ್ನು ಕಂಡವರು ನಿಮ್ಮ ಅಮ್ಮ. ಅವರಿಗೆ ಆ ಕತೆ ತಿಳಿಯಲು ಕೊರಿಯನ್ ಬೇಕಾಗಿರಲಿಲ್ಲ.

ಇಲ್ಲಿ ಜಪಾನಿನ 'ಓಶಿನ್' ನೆನಪಾಗುತ್ತದೆ. 1983ರ ಏಪ್ರಿಲ್‌ನಿಂದ ಒಂದು ವರ್ಷ ಅಲ್ಲಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆಯಲ್ಲಿ ಬೆಳಗ್ಗೆ ಹದಿನೈದು ನಿಮಿಷ ಬರುತ್ತಿತ್ತು. ಒಟ್ಟು 297 ಕಂತು. ಒಂದು ಮೂಟೆ ಅಕ್ಕಿಗೆ ಏಳು ವರ್ಷದ ಹುಡುಗಿಯನ್ನು ಮನೆಗೆಲಸಕ್ಕೆ ಕಳಿಸುತ್ತಾರೆ. ಹಿಮ ಬೀಳುತ್ತಿರುವಾಗ ತೆಪ್ಪದಲ್ಲಿ ಹೋಗುವ ಆ ಮಗುವನ್ನು ನೋಡಿ ಜಪಾನ್ ಅತ್ತಿತು. ಓಶಿನ್‌ಗೆ ತಲುಪಿಸಿ ಅಂತ ಟಿವಿ ಕಚೇರಿಗೆ ಅಕ್ಕಿ ಕಳಿಸಿದವರೂ ಇದ್ದರು. ಆ ಹುಡುಗಿ ನಿಜವಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಅವರ ಮನೆಗಳಲ್ಲೂ ಒಬ್ಬ ಓಶಿನ್ ಇದ್ದಿರಬೇಕು. ಅವಳಿಗೆ ಕೊಡಲಾಗದ ಅಕ್ಕಿಯನ್ನು ಇವಳಿಗೆ ಕಳಿಸಿದರು. ನನಗೆ ಹಾಗನ್ನಿಸುತ್ತದೆ.

ಇರಾನಿನಲ್ಲಿ ಇದೇ ಧಾರಾವಾಹಿ 'ಮನೆಯಿಂದ ದೂರದ ವರ್ಷಗಳು' ಎಂಬ ಹೆಸರಲ್ಲಿ ಬಂತು. ಅದು ಯುದ್ಧದ ಕಾಲ, ಜನ ರೇಷನ್ ಸಾಲಿನಲ್ಲಿ ನಿಂತಿದ್ದ ದಿನಗಳು. ಓಶಿನ್‌ಳ ಗಂಡನ ಮನೆತನ ತಾನೋಕುರಾ. ಆ ಹೆಸರು ಅಲ್ಲಿನ ಜನರ ಬಾಯಲ್ಲಿ 'ತಾನಾಕುರಾ' ಆಗಿ, ಹಳೇ ಬಟ್ಟೆ ಮಾರುವ ಅಂಗಡಿಗಳಿಗೆ ಹೆಸರಾಗಿ ನಿಂತಿತು. ಇನ್ನೊಬ್ಬರ ಬಟ್ಟೆ ಕೊಂಡು ಉಡಬೇಕಾದವರಿಗೆ ಓಶಿನ್ ತಮ್ಮವಳೇ ಆಗಿದ್ದಳು.

ಓಶಿನ್‌ಳ ಕತೆ ಹುಟ್ಟಿದ ಬಗೆಯನ್ನು ನಿಮಗೆ ಹೇಳಲೇಬೇಕು. ಬರೆದವರು ಸುಗಾಕೋ ಹಶಿದಾ. ಜಪಾನಿನ ಮೇಜಿ ದೊರೆಯ ಕಾಲದಲ್ಲಿ (1868–1912) ಹುಟ್ಟಿದ ಒಬ್ಬ ಮುದುಕಿ, ತಾನು ಪಟ್ಟ ಪಾಡನ್ನು ಪತ್ರದಲ್ಲಿ ಅವರಿಗೆ ತಿಳಿಸಿದ್ದರು. ಅಂಥ ಹೆಂಗಸರ ಬದುಕನ್ನು ಬರೆಯಬೇಕು ಅಂತ ಹಶಿದಾ ಅವರಿಗೆ ಅನ್ನಿಸಿದ್ದು ಆಮೇಲೆ. ನಿಮ್ಮ ಪತ್ರ ಕೈಯಲ್ಲಿ ಹಿಡಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಐವತ್ತು ವರ್ಷಕ್ಕೂ ಜಾಸ್ತಿ ಅಮ್ಮ ಆ ಹೆಸರನ್ನು ಒಳಗೇ ಇಟ್ಟುಕೊಂಡಿದ್ದರು. ಆಗ ಅವರನ್ನು ಕೂರಿಸಿಕೊಂಡು ಸಮಾಧಾನ ಹೇಳಿದವರು ಯಾರಿದ್ದರೋ. ಎಷ್ಟೋ ತಾಯಂದಿರಿಗೆ ಸಿಕ್ಕಿದ್ದು 'ಇನ್ನೊಂದು ಆಗುತ್ತೆ ಬಿಡು' ಅನ್ನುವ ಒಂದೇ ಮಾತು. ತೆರೆಯ ಮೇಲೆ, ಗಟ್ಟಿಗ ಅನ್ನಿಸಿಕೊಂಡ ಅಪ್ಪನೂ ಕುಸಿದು ಅಳುವುದನ್ನು ಅಮ್ಮ ಕಂಡರು. ತಾವೂ ಅತ್ತರು. ಒಂದು ರಾತ್ರಿಯ ನಿದ್ದೆ ಹೋಯಿತು, ನಿಜ. ಆದರೆ ನಿಮಗೊಬ್ಬ ಅಣ್ಣ ಸಿಕ್ಕಿದ, ಅಲ್ವಾ?

ಅಮ್ಮನ ಊಟ, ನಿದ್ದೆ ಕಡೆ ಕೆಲವು ದಿನ ಗಮನ ಕೊಡಿ. ತೀರಾ ಕುಗ್ಗಿದಂತೆ ಕಂಡರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಅವರು ಮತ್ತೆ ಆ ಹೆಸರೆತ್ತಿದರೆ ಮಾತು ತಿರುಗಿಸಬೇಡಿ. ಮಗು ಹೇಗಿತ್ತು, ಏನು ತಿನ್ನುತ್ತಿತ್ತು, ಯಾರ ಹೋಲಿಕೆ, ಎಲ್ಲ ಕೇಳಿ. ತಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರಿಗೂ ಅಣ್ಣನೇ ತಾನೆ.

ಉಳಿದ ಕಂತುಗಳನ್ನು ನೋಡೋಣವಾ ಅಂತ ಅಮ್ಮನನ್ನೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ನೋಡೋಣ ಅಂದರೆ, ಮಗಳು ಮುಂದಿನ ರಜೆಗೆ ಬರುವವರೆಗೆ ಕಾಯಿರಿ. ಅಜ್ಜಿಗೆ ಕತೆ ಹೇಳುವವಳು ಅವಳೇ ಆಗಲಿ.